ಗುಳಿಗೆಯ ಜೊತೆಗಿನ ನೀರು

೧೯೭೧ರಲ್ಲಿ ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಇಳಕಲ್ಲಿನ ನಮ್ಮ ಮನೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಸೀರೆ ನೇಯಲು ಕೂತೆ. ಮುಂದೆ ಹತ್ತು ಹನ್ನೆರಡು ವರ್ಷಕ್ಕೆ ನನ್ನ ಹೆಂಡತಿಗೆ ಹರಳಿನ ನೋವು ಬಂತು. ಬಾಗಲಕೋಟೆಯ ಡಾಕ್ಟರು ಹೊಟ್ಟೆಯ ಎಕ್ಸರೇ ಫೋಟೋ ತೆಗೆಸಿ ನೋಡಿದರು.

“ಹರಳು ಸಣ್ಣದೈತಿ. ಗುಳಿಗಿ ಮೂತ್ರದ ನಳಿ ಸಡ್ಲ ಮಾಡ್ತೈತಿ, ನೀರು ಹರಳನ್ನ ಕೆಳಗ ದೂಡ್ತೈತಿ. ದಿನಾ ಕೊಡ ನೀರು ಕುಡೀಬೇಕವಾ,” ಎಂದರು.

ಆಕೆ ಗುಳಿಗೆ ಒಂದೂ ತಪ್ಪಿಸಲಿಲ್ಲ. ನೀರು ಮಾತ್ರ ಗುಟುಕಿನಷ್ಟೇ. ನಮ್ಮ ಓಣಿಯ ಹೆಂಗಸರು ಬಯಲಿಗೆ ಹೋಗುತ್ತಿದ್ದುದು ನಸುಕಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ.

“ನೀರು ಯಾಕ ಕುಡಿಯೂದಿಲ್ಲ ನೀ?” ಎಂದು ಕೇಳಿದೆ.

“ಕುಡಿದು ಹಗಲೊತ್ತು ಎಲ್ಲಿ ಹೋಗ್ಲಿರಿ? ನಿಮ್ಮ ಮಗ್ಗದ ಕುಣ್ಯಾಗ ಕುಂದರ್ಲೇನು?” ಎಂದು ನಕ್ಕಳು.

ಗುಳಿಗೆಗೆ ನೋವು ನಿಂತಿತು. ಹರಳು ಬಿದ್ದುಹೋಯಿತೆಂದು ಇಬ್ಬರೂ ತಿಳಿದೆವು. ಅದು ಒಳಗೇ ಸಿಕ್ಕಿಕೊಂಡು ಕೀವಾಗಿತ್ತು. ಚಳಿಜ್ವರ ಏರಿತು. ಮತ್ತೆ ಬಾಗಲಕೋಟೆ ಮುಟ್ಟುವಷ್ಟರಲ್ಲಿ ಆಕೆಗೆ ಮಾತು ನಿಂತಿತ್ತು. ಮರುದಿನ ದವಾಖಾನೆಯಲ್ಲೇ ಹೋದಳು.

ಆ ಬೇಸಿಗೆಯಲ್ಲಿ ಹಿತ್ತಲಲ್ಲಿ ಪಾಯಖಾನೆ ಕಟ್ಟಿದೆ. ಕಲ್ಲು ನಾನೇ ಹೊತ್ತೆ, ಯಾರನ್ನೂ ಕರೆಯಲಿಲ್ಲ.

ಈಗ ನನಗೆ ಎರಡು ಮಗ್ಗ, ಮೂರು ಖೋಲಿಯ ಮನೆ, ಒಬ್ಬಳು ಮಗಳು, ಒಂದು ಪಾಯಖಾನೆ ಇವೆ.