ಸೀರೆ ಅಂಚಿನ ರಟ್ಟಿನಲ್ಲಿ ‘ಅ’

ಮಳೆ ರಜೆಯಲ್ಲಿ ಮಗುವಿನ ಕೈಯಿಂದ ಕಾಗದದ ‘ಅ’ ಮಾಡಿಸಿ ಫೋಟೊ ಕಳಿಸಬೇಕಂತೆ, ಶಾಲೆಯ ಆದೇಶ. ಮಗಳು ಮೊಬೈಲ್ ನೋಡುತ್ತಿದ್ದಾಳೆ; ಕತ್ತರಿ ಹಿಡಿದು ಕೂತವಳು ನಾನು. ಕತ್ತರಿಸಿದ್ದೆಲ್ಲ ಹರಿಯುತ್ತಿದೆ. ಅಂಟಿನ ವಾಸನೆಗೆ ಬನಹಟ್ಟಿಯ ನಮ್ಮ ಮಗ್ಗದ ಮನೆ ನೆನಪಾಯಿತು.

ಮಳೆ ಹಿಡಿದರೆ ಗಂಜಿ ಹಾಕಿದ ನೂಲು ಒಣಗುತ್ತಿರಲಿಲ್ಲ, ಮಗ್ಗ ನಿಲ್ಲುತ್ತಿತ್ತು. ಹೊತ್ತು ಹೋಗದ ಅಪ್ಪ ಒಮ್ಮೆ, ಸೀರೆ ಅಂಚಿನಲ್ಲಿ ಹೂವು ಮೂಡಿಸುವ ತೂತಿನ ರಟ್ಟುಗಳನ್ನು ಹಳೆಯವೆಂದು ತಿಳಿದು ಕತ್ತರಿಸಿ, ನನಗೆ ಅಕ್ಷರ ಮಾಡಿಕೊಟ್ಟ.

“ಅವು ಹೊಸಾವು ಅದಾವು. ನಾಳಿ ಹೂವು ಹೆಂಗ ಬೀಳ್ತೈತಿ?” ಎಂದಳು ಅವ್ವ.

“ಕೂಸು ಅಕ್ಷರ ಕಲೀತಲ್ಲ,” ಎಂದ ಅಪ್ಪ.

ರಟ್ಟು ಸಾಲದೆ, ಮಗ್ಗದ ಮೇಲಿದ್ದ ಸೀರೆಯ ಹೂವುಗಳೆಲ್ಲ ಮೊಂಡಾದವು. ಮಾರಲಾಗದ ಅದನ್ನು ಅವ್ವ ಬೈಯುತ್ತಲೇ ಉಟ್ಟಳು.

ಈಗ ನನ್ನ ಜೊತೆಗೇ ಇರುವ ಅದೇ ಅವ್ವ ಪಕ್ಕಕ್ಕೆ ಬಂದು ನನ್ನ ಕೈಯಿಂದ ಕತ್ತರಿ ಕಸಿದುಕೊಂಡಳು.

“ಕಾಗದದಾಗ ಅಕ್ಷರ ನಿಂದರಂಗಿಲ್ಲ. ರಟ್ಟು ಹುಡುಕು.”