ಹಗ್ಗ ಹಿಡಿದ ಕೈ

ನಾನು ವಿಮಾನ ಹಾರಿಸುವುದನ್ನು ಮೊದಲು ಕಲಿತದ್ದು ನೆಲದ ಮೇಲೆಯೇ, ಒಂದು ಮರದ ಪೆಟ್ಟಿಗೆಯೊಳಗೆ ಕೂತು. ಈಗ ಅಂಥದಕ್ಕೆ ಸಿಮ್ಯುಲೇಟರ್ ಎಂಬ ಗತ್ತಿನ ಹೆಸರಿದೆ. ಆಗ ನಿಜಾಮರ ಆಳ್ವಿಕೆ, ಮಹಾಯುದ್ಧ ನಡೆದಿತ್ತು, ನಾವು ಅದನ್ನು ಡಬ್ಬಿ ಎನ್ನುತ್ತಿದ್ದೆವು. ಹೈದರಾಬಾದಿನಿಂದ ರೈಲಿನಲ್ಲಿ ತಂದು ಕಲಬುರಗಿಯ ಐವಾನ್-ಎ-ಶಾಹಿ ಬಂಗಲೆಯ ಹತ್ತಿರ ಒಂದು ಖಾಲಿ ಗೋದಾಮಿನಲ್ಲಿ ಇಳಿಸಿದ್ದರು. ಎಮ್ಮೆಯಷ್ಟು ಉದ್ದದ ಮೈ, ಎರಡು ಮೊಂಡು ರೆಕ್ಕೆ, ಒಂದು ಬಾಲ. ಮುಂದೆ ಪಂಖ ಮಾತ್ರ ಇರಲಿಲ್ಲ. ಪಂಖವಿಲ್ಲದ ಮೇಲೆ ಇದೆಂಥ ವಿಮಾನ ಎಂದು ಮೊದಲ ದಿನ ನನಗೆ ಸಿಟ್ಟೇ ಬಂದಿತ್ತು. ಕೆಳಗೆ ಕಮ್ಮಾರನ ತಿದಿಯಂಥ ಚೀಲಗಳಿದ್ದವು. ಬಿಜಲಿ ಹಾಕಿದರೆ ಅವು ಉಬ್ಬಿ ಇಳಿದು ಡಬ್ಬಿಯನ್ನು ಎತ್ತುತ್ತಿದ್ದವು, ಓಲಾಡಿಸುತ್ತಿದ್ದವು, ಒಮ್ಮೊಮ್ಮೆ ಗಿರಗಿರ ತಿರುಗಿಸುತ್ತಿದ್ದವು. ಇದರಲ್ಲಿ ಪಾಸಾದವರಿಗೆ ಹೈದರಾಬಾದಿನಲ್ಲಿ ನಿಜವಾದ ಪಂಖದ ವಿಮಾನ ಕೊಟ್ಟು ಕಲಿಸುತ್ತಾರೆ ಎಂದು ಹೇಳಿದ್ದರು.

ನಾನು ಕಮಲಾಪುರದವನು. ಕಲಬುರಗಿಯ ಬ್ರಹ್ಮಪುರದಲ್ಲಿ ಅವ್ವನ ತವರುಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿ ಊರಿಗೆ ಮರಳಿ ಕೆಲವು ವರ್ಷವಾಗಿತ್ತು. ಹಿಂದೊಮ್ಮೆ ಬಂಡಿ ಮಗುಚಿ ಅಪ್ಪನ ಬಲಭುಜ ಮುರಿದಿತ್ತು. ಎಲುಬು ಕೂಡಿಕೊಂಡರೂ ಹಗ್ಗ ಹಿಡಿಯುವ ಬಲ ಆ ಕೈಗೆ ಮತ್ತೆ ಬರಲಿಲ್ಲ. ಹೀಗಾಗಿ ತೋಟದ ಕೆಂಪು ಬಾಳೆಯನ್ನು ವಾರಕ್ಕೊಮ್ಮೆ ಕಲಬುರಗಿಯ ಬಜಾರಕ್ಕೆ ಬಂಡಿಯಲ್ಲಿ ಒಯ್ಯುವವನು ನಾನು. ಅಪ್ಪ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ನನ್ನ ತಪ್ಪು ಹೇಳುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿ ಹೊಡೆದೆ ಎನ್ನಲಿಲ್ಲ.

ಡಬ್ಬಿಯ ಸುದ್ದಿ ಎತ್ತಿದಾಗ ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

"ಹೋಗು. ಬಂಡಿ ಯಾರು ಹೊಡಿತಾರ, ಅದಷ್ಟು ಹೇಳಿ ಹೋಗು" ಎಂದ.

ಆಳು ಇಡುವ ಹಾಗಿರಲಿಲ್ಲ. ನಮ್ಮ ಎಡಗಡೆಯ ಕರಿ ಎತ್ತು ಮನೆಯವರಲ್ಲದವರು ಹಗ್ಗ ಹಿಡಿದರೆ ನೊಗ ಕೊಡವಿ ನಿಂತುಬಿಡುತ್ತಿತ್ತು. ಬಾಳೆ ಬಜಾರ ಮುಟ್ಟದಿದ್ದರೆ ಮನೆ ನಡೆಯುವುದಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಬಾಳೆ ಇಳಿಸಿದ ಮೇಲೆ ಮುಖ ತೊಳೆದು ಗೋದಾಮಿಗೆ ಓಡುತ್ತಿದ್ದೆ.

ಕಲಿಸುವ ಸಾಹೇಬರು ಹೈದರಾಬಾದಿನವರು, ಮೆತ್ತಗಿನ ಮನುಷ್ಯ. ಒಳಗೆ ಕೂರಿಸಿ ಮುಚ್ಚಳ ಹಾಕಿದರೆ ಹೊರಗಿನದೇನೂ ಕಾಣದು. ಎದುರಿಗೆ ಗಡಿಯಾರದಂಥ ಮುಳ್ಳುಗಳು, ಮೊಣಕಾಲುಗಳ ನಡುವೆ ಒಂದು ಕೋಲು. ಕೋಲು ಎಳೆದರೆ ವಿಮಾನದ ಮೂತಿ ಮೇಲೆ, ಮುಂದಕ್ಕೆ ಒತ್ತಿದರೆ ಕೆಳಗೆ. ಮೂತಿ ಅತಿಯಾಗಿ ಮೇಲೆದ್ದರೆ ವೇಗ ಸತ್ತು ವಿಮಾನ ಬೀಳತೊಡಗುತ್ತದೆ. ಆಗ ಕೋಲನ್ನು ಮುಂದಕ್ಕೆ ಒತ್ತಬೇಕು. ಮೂತಿ ಇಳಿಸಿ ಬೀಳಲು ಒಪ್ಪಿಕೊಂಡರೇ ವೇಗ ಮರಳುತ್ತದೆ, ಜೀವ ಉಳಿಯುತ್ತದೆ.

ಅಲ್ಲಿಯೇ ನಾನು ಪ್ರತಿ ಸಲ ಸಾಯುತ್ತಿದ್ದೆ. ನಮ್ಮೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಒಂದೇ: ಎತ್ತು ಬೆದರಿದರೆ ಹಗ್ಗ ಎದೆಗೆ ಎಳೆದುಕೊಳ್ಳುವುದು. ಡಬ್ಬಿ ನಡುಗತೊಡಗಿದರೆ ಸಾಕು, ನನ್ನ ಕೈ ತಲೆಯನ್ನು ಕೇಳದೆ ಕೋಲನ್ನು ಎದೆಗೆ ಎಳೆಯುತ್ತಿತ್ತು. ಡಬ್ಬಿ ಗಿರಗಿರ ತಿರುಗುತ್ತಿತ್ತು.

"ಛೋಡೋ ಮಿಯಾ, ಛೋಡೋ. ಯೇ ಬೈಲ್ ನಹೀ ಹೈ" ಎಂದು ಸಾಹೇಬರು ಹೊರಗಿನಿಂದ ಹೇಳುತ್ತಿದ್ದರು, ಬಿಡು, ಇದು ಎತ್ತಲ್ಲ ಎಂದು. ಒಮ್ಮೆಯಂತೂ ಮುಚ್ಚಳದೊಳಗಿಂದ ನಾನು "ಹೋ, ಹೋ" ಎಂದು ಎತ್ತನ್ನು ಸಮಾಧಾನ ಮಾಡುವ ದನಿಯಲ್ಲಿ ಕೂಗಿದೆನಂತೆ. ಸರದಿಗೆ ಕಾದಿದ್ದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾನು ಅಲ್ಲಿ ಬಂಡಿವಾಲಾ.

ಅವಮಾನ ನುಂಗಿಕೊಂಡು ಊರಲ್ಲಿ ಅಭ್ಯಾಸ ಶುರುಮಾಡಿದೆ. ತೋಟದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಬಾಳೆಗೆ ಆನಿಸುವ ಗಳದ ತುಂಡನ್ನು ನೆಲಕ್ಕೆ ನಾಟಿ, ಮುಂದಕ್ಕೆ ಒತ್ತುವುದು. ಎತ್ತುಗಳಿಗೆ ಹಿಂಡಿ ತಿನ್ನಿಸಲು ಬಂದ ಅವ್ವ ಸ್ವಲ್ಪ ಹೊತ್ತು ನೋಡಿದಳು.

"ಏನ್ ಮಾಡಾಕತ್ತಿ?"

"ಬೀಳಾಕತ್ತೀನಿ ಅವ್ವ."

"ಬೀಳೋದನ್ನೂ ಕಲಿಬೇಕೇನು?"

"ಮೊದಲ ಅದನ್ನೇ ಕಲಿಬೇಕು. ಅಂಜಿಕಿ ಬಂದಾಗ ಕೈ ಮುಂದ ಹೋಗಬೇಕು. ಅಂಜಿಕಿನೇ ಬರವಲ್ದು ಇಲ್ಲಿ."

ಅವಳು ಹಿಂಡಿಯ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ನಾನು ಮೈಮರೆತು ಕೂತಿದ್ದಾಗ ಬೆನ್ನ ಹಿಂದೆಯೇ ಹಿಟ್ಟು ನಾದುವ ಹಿತ್ತಾಳೆಯ ಪರಾತ ಕಲ್ಲಿನ ಮೇಲೆ ಢಣ್ ಎಂದು ಬಿತ್ತು. ನನ್ನ ಎರಡೂ ಕೈ ಎದೆಗೆ ಬಂದವು. "ತಪ್ಪಿತು ನೋಡು" ಎಂದು ಅವ್ವ ಪರಾತ ಎತ್ತಿಕೊಂಡು ನಡೆದಳು. ಅಂದಿನಿಂದ ಯಾವಾಗ ಬರುತ್ತಾಳೋ ಗೊತ್ತಾಗುತ್ತಿರಲಿಲ್ಲ. ಪರಾತದ ಅಂಚು ಸೊಟ್ಟಗಾಯಿತು. ಎತ್ತುಗಳಿಗೂ ಆ ಸದ್ದು ರೂಢಿಯಾಗಿ ತಲೆ ಎತ್ತುವುದನ್ನು ಬಿಟ್ಟವು. ಕೊನೆಗೊಂದು ಬೆಳಿಗ್ಗೆ ಢಣ್ ಎಂದಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಅವ್ವ ನಕ್ಕಳು. ಅಷ್ಟು ಸಂತೋಷ ನನಗೆ ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ.

ಮುಂದಿನ ಸಂತೆಗೆ ಅವ್ವನೂ ತವರಿಗೆಂದು ಬಂಡಿ ಹತ್ತಿದಳು. ಅದೇ ದಿನ ಡಬ್ಬಿಯ ಕೊನೆಯ ಪರೀಕ್ಷೆ. ಮೂತಿ ಮೇಲೆದ್ದು ಡಬ್ಬಿ ನಡುಗಿತು, ನನ್ನ ಕೈ ಮುಂದಕ್ಕೆ ಹೋಯಿತು, ಮುಳ್ಳು ತನ್ನ ಜಾಗಕ್ಕೆ ಮರಳಿತು. ಸಾಹೇಬರು ಮುಚ್ಚಳ ತೆಗೆದು "ಅಬ್ ಉಡೇಗಾ ಬಂಡಿವಾಲಾ", ಇನ್ನು ಹಾರುತ್ತಾನೆ ಬಂಡಿವಾಲಾ, ಎಂದರು. ನಾನು ಪಾಸಾದುದನ್ನು ಬ್ರಹ್ಮಪುರದ ಮನೆಯಲ್ಲಿ ಹೇಳಿದಾಗ ಅಪ್ಪ ರೊಟ್ಟಿ ಮುರಿಯುತ್ತಲೇ ಇದ್ದ. ಅವನ ಪ್ರಶ್ನೆ ಇದ್ದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಮೂವರೂ ಊರಿಗೆ ಹೊರಟೆವು. ಕಪನೂರ ದಾಟಿ ಜೋಳದ ಹೊಲಗಳ ನಡುವೆ ಹೋಗುವಾಗ ಹಿಂದಿನಿಂದ ಬಂದ ಮೋಟಾರು ಕಿವಿಯ ಹತ್ತಿರವೇ ಹಾರ್ನ್ ಒತ್ತಿತು. ಎತ್ತುಗಳು ಬೆದರಿದವು. ನನ್ನ ಎರಡೂ ಕೈ ಮುಂದಕ್ಕೆ ಹೋದವು. ಹಗ್ಗ ಪೂರ್ತಿ ಸಡಿಲಾಯಿತು. ಬಂಡಿ ರಸ್ತೆ ಬಿಟ್ಟು ಜೋಳದೊಳಗೆ ನುಗ್ಗಿ, ಒಂದು ಗಾಲಿ ಕಾಲುವೆಗೆ ಇಳಿದು ನಿಂತಿತು. ಅಪ್ಪ ಬೆಳೆಯ ಮೇಲೆ ಬಿದ್ದಿದ್ದ. ಅವ್ವ ಚೀಲಗಳ ನಡುವೆ ಸಿಕ್ಕಿಕೊಂಡಿದ್ದಳು. ಅಪ್ಪನ ಭುಜ ಮತ್ತೆ ಮುರಿಯಿತೇ ಎಂದು ನನ್ನ ಜೀವ ಬಾಯಿಗೆ ಬಂತು.

ಅವನು ಎದ್ದು ಭುಜ ಒತ್ತಿ ನೋಡಿಕೊಂಡ. ಆಮೇಲೆ ನನ್ನ ಕೈಗಳನ್ನು ನೋಡಿದ. ಅವು ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು.

"ಹಗ್ಗ ಯಾಕ ಬಿಟ್ಟಿ?"

"ಕೈ ತಾನ ಹೋದ್ವು."

"ಹೌದು. ಹೋಗ್ಯಾವ" ಎಂದ ಅಪ್ಪ, ಸಿಟ್ಟಿಲ್ಲದೆ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಗಾಲಿ ಎತ್ತಿ ಬಂಡಿಯನ್ನು ರಸ್ತೆಗೆ ತಂದೆವು. ಹತ್ತಲು ನೋಡಿದರೆ ನನ್ನ ಜಾಗದಲ್ಲಿ ಅವ್ವ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಹಗ್ಗ ಹಿಡಿದಿದ್ದಳು. ನಮ್ಮೂರಿನಲ್ಲಿ ಹೆಂಗಸರು ಬಂಡಿ ಹೊಡೆದದ್ದನ್ನು ನಾನು ಕಂಡಿರಲಿಲ್ಲ. ಕರಿ ಎತ್ತು ನೊಗ ಕೊಡವಲಿಲ್ಲ.

"ನಿನಗ ಬರ್ತದೇನು?" ಎಂದ ಅಪ್ಪ.

"ಬರಂಗಿಲ್ಲ. ಬಾಜೂಕ ಕೂತು ಹೇಳ್ರಿ."

ಅಪ್ಪ ನೊಗದ ಕಣ್ಣಿ ಒಮ್ಮೆ ಎಳೆದು ನೋಡಿದ. ಆಮೇಲೆ ಹತ್ತಿ ಅವಳ ಪಕ್ಕದಲ್ಲಿ ಕೂತ. ನಾನು ಹಿಂದೆ, ಚೀಲ ಇಡುವ ಜಾಗದಲ್ಲಿ ಕೂತೆ. ನನ್ನ ಕೈಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ಬಂಡಿ ಸ್ವಲ್ಪ ದೂರ ಹೋಗಿರಬೇಕು.

"ಎಡಗಡಿ ಹಗ್ಗ ಬಿಗಿ ಹಿಡಿ. ಹಂಗಲ್ಲ. ಎಷ್ಟ ಸಲ ಹೇಳಬೇಕು" ಎಂದು ಅಪ್ಪ ಅವ್ವನ ತಪ್ಪು ಹೇಳತೊಡಗಿದ. ನನ್ನ ತಪ್ಪು ಹೇಳುತ್ತಿದ್ದ ಅದೇ ದನಿ. ಅಷ್ಟು ವರ್ಷ ಬೇಸರ ತರಿಸಿದ್ದ ದನಿ ಅಂದು ಇನ್ನೊಬ್ಬರ ಪಾಲಾಗಿತ್ತು.

ಆಮೇಲೆ ಅವನು ತಿರುಗಿ ನೋಡದೆಯೇ ಕೇಳಿದ: "ಹೈದರಾಬಾದಿಗಿ ಯಾವತ್ತು ಹೋಗಬೇಕು?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು.