ನಿಂಗವ್ವನಿಗೆ ನಾನಾಡಿದ ಮಾತು

ಸತ್ತವರು ಬಂದು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಆರು ವರ್ಷದ ಹಿಂದೆ ನನಗಾದದ್ದನ್ನು ಆದ ಹಾಗೇ ಹೇಳುತ್ತೇನೆ. ನೀವು ಏನು ಬೇಕಾದರೂ ಅಂದುಕೊಳ್ಳಿ.

ಆಗ ನನಗೆ ಇಪ್ಪತ್ತನಾಲ್ಕು. ಹನ್ನೆರಡನೇ ವಯಸ್ಸಿಗೆ ಬೆಂಗಳೂರಿನಿಂದ ಅಮೆರಿಕಕ್ಕೆ ಬಂದವನು ಪ್ಲೆಸೆಂಟನ್ ಊರಿನ ದೊಡ್ಡ ಮನೆಯಲ್ಲಿ ಯಾವ ಕೊರತೆಯೂ ಇಲ್ಲದೆ ಬೆಳೆದೆ. ಅಪ್ಪ ಡಾಕ್ಟರು, ರಾಯಚೂರು ಕಡೆಯವರು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ ಅಲ್ಲಿನ ಧಣಿ. ಮನೆಗೆ ನೆಂಟರು ಬಂದಾಗಲೆಲ್ಲ ಅಪ್ಪ ಅಜ್ಜನ ದೊಡ್ಡತನ ಹೇಳುತ್ತಿದ್ದರು. ಜೀತಕ್ಕಿದ್ದವರ ವಿಷಯ ಕೇಳಿದರೆ, "ಅವರೆಲ್ಲ ಮನೆಯವರ ಥರಾನೇ ಇದ್ರು ಕಣೋ" ಎನ್ನುತ್ತಿದ್ದರು. ಹಾಗಾದರೆ ಅವರ ಹೆಸರೇನು ಎಂದರೆ ಮಾತು ಬದಲಿಸುತ್ತಿದ್ದರು.

ನನ್ನ ಆಫೀಸಿನಲ್ಲಿ ಸವಿತಾ ಎಂಬ ಹುಡುಗಿಯಿದ್ದಳು. ಒಂದು ದಿನ ಊರಿನ ಮಾತು ಬಂದು, ಅವಳ ಅಜ್ಜಿ ನಮ್ಮ ಅಜ್ಜನ ಮನೆಯಲ್ಲೇ ಜೀತಕ್ಕಿದ್ದವಳೆಂದು ಗೊತ್ತಾಯಿತು. ಆ ಅಜ್ಜಿ ಈಗ ನಮಗೆ ಹತ್ತಿರದ ಯೂನಿಯನ್ ಸಿಟಿಯಲ್ಲಿ ಅವಳ ಜೊತೆಗಿದ್ದರು. ನೋಡಬಹುದೇ ಎಂದು ಕೇಳಿದೆ. ಎರಡು ದಿನ ಬಿಟ್ಟು, "ಬರ್ಲಿ ಅಂದ್ಲು ಅವ್ವ" ಎಂದಳು.

"ಹಳೇದನ್ನೆಲ್ಲ ಕೆದಕಬೇಡ, ಹೋಗ್ಬೇಡ" ಎಂದರು ಅಪ್ಪ. ಅವರ ಮಾತು ಮೀರಿದ್ದು ಅದೇ ಮೊದಲು.

ಶನಿವಾರ ಮಧ್ಯಾಹ್ನ ಮೂರು ಗಂಟೆ, ಒಳ್ಳೆಯ ಬಿಸಿಲು. ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಅಜ್ಜಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಕಣ್ಣು ಹೋಗಿತ್ತು, ಬೆರಳಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಕಾಲ ಬಳಿ ಕೂತೆ. ಹೇಳಬೇಕೆಂದುಕೊಂಡು ಬಂದ ಮಾತೊಂದೂ ನೆನಪಾಗಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು.

ಆಗ ನನ್ನ ಬಾಯಿಂದ, ನಾನೆಂದೂ ಆಡದ ರಾಯಚೂರು ಕಡೆಯ ಕನ್ನಡದಲ್ಲಿ, ಮಾತು ಬಂತು. "ನಿಂಗಿ, ಅವತ್ತ ಗಾಡಿ ಕೊಡಬೇಕಿತ್ತು ನಾ. ಕೂಸು ಉಳೀತಿತ್ತು."

ಅವರ ಹೆಸರು ನನಗೆ ಗೊತ್ತಿರಲಿಲ್ಲ. ಸವಿತಾ ಅಜ್ಜಿಯನ್ನು 'ಅವ್ವ' ಎಂದಷ್ಟೇ ಅನ್ನುತ್ತಿದ್ದಳು. ಯಾವ ಗಾಡಿ, ಯಾವ ಕೂಸು, ಒಂದೂ ತಿಳಿಯದು.

ಅಜ್ಜಿ ಬೆಚ್ಚಲಿಲ್ಲ. "ಹೌದ್ರಿ ಧಣ್ಯಾರ, ಉಳೀತಿತ್ತು" ಎಂದರು. ಆಮೇಲೆ ನನ್ನ ಮುಖವೆಲ್ಲ ತಡವಿ ನೋಡಿ, "ಈ ಹುಡುಗ ಅಳಾಕತ್ತಾನ ನೋಡವ್ವ ಸವಿತಾ. ಒಂದೀಟು ಚಾ ಕೊಡು" ಎಂದು ನನ್ನ ತಲೆಯನ್ನು ತೊಡೆಗೆ ಒರಗಿಸಿಕೊಂಡರು.

ಜ್ವರದಿಂದ ಸುಡುತ್ತಿದ್ದ ತಮ್ಮ ಮಗುವನ್ನು ಆಸ್ಪತ್ರೆಗೆ ಒಯ್ಯಲು ಗಾಡಿ ಕೇಳಿ ಇಡೀ ದಿನ ನಮ್ಮ ಅಜ್ಜನ ಅಂಗಳದಲ್ಲಿ ನಿಂತಿದ್ದನ್ನು ಅವರು ಆಮೇಲೆ ಹೇಳಿದರು. ಸವಿತಾ ಅದನ್ನು ಕೇಳಿದ್ದು ಅಂದೇ ಮೊದಲು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ನಂಗಾಗ ಆರು ವರ್ಷ. ಬಾಗಿಲ ಸಂದಿಯಿಂದ ನೋಡ್ತಿದ್ದೆ. ಯಾರಿಗೂ ಹೇಳಿಲ್ಲ ಕಣೋ, ನಿಮ್ಮಮ್ಮನಿಗೂ ಹೇಳಿಲ್ಲ."

ಮುಂದಿನ ಶನಿವಾರ ಅಪ್ಪ ತಾವೇ ಕಾರು ತೆಗೆದರು. ಯೂನಿಯನ್ ಸಿಟಿಯ ಆ ಬಾಗಿಲಲ್ಲಿ ತುಂಬ ಹೊತ್ತು ನಿಂತರು. "ಯಾರವ್ವ ಅದು?" ಎಂದು ಒಳಗಿಂದ ಅಜ್ಜಿ ಕೇಳಿದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು.

ಅವತ್ತು ನನ್ನ ಬಾಯಲ್ಲಿ ಮಾತಾಡಿದ್ದು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ.